ರೇಡಿಯೋ ಕೆಟ್ಟಿದೆ ಅಂದುಕೊಂಡಿದ್ದೆ, ಕಾರೇ ನಿಂತುಹೋಯಿತು: ನನ್ನ ಅನುಭವ

ಮೊದಲು ತಪ್ಪಿದ್ದು ಗಡಿಯಾರ. ಒಂದು ಬೆಳಿಗ್ಗೆ ನನ್ನ ಎಲೆಕ್ಟ್ರಿಕ್ ಕಾರಲ್ಲಿ ಕೂತು ಸ್ಟಾರ್ಟ್ ಬಟನ್ ಒತ್ತಿದೆ. ಪರದೆ ಬೆಳಗಿತು, ಕಪ್ಪಾಯಿತು, ಮತ್ತೆ ಬೆಳಗಿತು. ರೇಡಿಯೋ ಶುರುವಾದಾಗ ಸಮಯ 12:00 ಅಂತ ತೋರಿಸುತ್ತಿತ್ತು, ಸೇವ್ ಮಾಡಿಟ್ಟಿದ್ದ ಸ್ಟೇಷನ್‌ಗಳು ಒಂದೂ ಇರಲಿಲ್ಲ. ಸರಿ ಮಾಡಿಕೊಂಡು ಹೊರಟೆ. ಮೂರ್ನಾಲ್ಕು ದಿನಕ್ಕೆ ಮತ್ತೆ ಅದೇ ಆಯಿತು. ನಡುವೆ ಬ್ಲೂಟೂತ್ ತಾನಾಗೇ ಬಿಟ್ಟುಹೋಗುತ್ತಿತ್ತು, ಎಫ್‌ಎಂನಲ್ಲಿ ಸುರ್ ಅನ್ನೋ ಸದ್ದು ಬೇರೆ.

ಸರ್ವಿಸ್ ಸೆಂಟರಿಗೆ ಕೊಟ್ಟೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ, ಬ್ಯಾಟರಿ ಚೆನ್ನಾಗಿದೆ ಅಂದರು. ಅವರು ಹೇಳಿದ್ದು ಕಾರು ಓಡಿಸುವ ದೊಡ್ಡ ಬ್ಯಾಟರಿ ಬಗ್ಗೆ. ಚಿಕ್ಕ ಬ್ಯಾಟರಿ ಬಗ್ಗೆ ಕೇಳಬೇಕು ಅಂತ ನನಗೂ ಆಗ ಹೊಳೆಯಲಿಲ್ಲ.

ಒಂದು ಶುಕ್ರವಾರ ಸಂಜೆ ಕಾರು ನಿಲ್ಲಿಸಿ ಬಂದವನು ಸೋಮವಾರ ಬೆಳಿಗ್ಗೆ ಹೋದರೆ ರಿಮೋಟ್‌ಗೆ ಬಾಗಿಲೇ ತೆಗೆಯಲಿಲ್ಲ. ರಿಮೋಟ್ ಒಳಗಿರುವ ಲೋಹದ ಕೀಲಿಯಿಂದ ತೆಗೆದೆ. ಒಳಗೆ ಒಂದು ದೀಪವೂ ಇಲ್ಲ. ದೊಡ್ಡ ಬ್ಯಾಟರಿಯಲ್ಲಿ ಶೇಕಡಾ 70 ಚಾರ್ಜ್ ಇತ್ತು, ಆದರೂ ಕಾರು ಒಂದಿಂಚು ಅಲುಗಲಿಲ್ಲ.

ಇದು ಯಾಕೆ ಹೀಗೆ ಅಂತ ಹೊಸದಾಗಿ ಎಲೆಕ್ಟ್ರಿಕ್ ಕಾರು ತಗೊಂಡವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಕಾರಲ್ಲಿ ಬ್ಯಾಟರಿ ಎರಡು. ಚಕ್ರ ತಿರುಗಿಸುವುದು ನೂರಾರು ವೋಲ್ಟಿನ ದೊಡ್ಡದು. ಬಾಗಿಲ ಲಾಕು, ದೀಪ, ರೇಡಿಯೋ, ಕಾರಿನ ಎಲ್ಲಾ ಕಂಪ್ಯೂಟರ್‌ಗಳು ನಡೆಯುವುದು 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ. ದೊಡ್ಡ ಬ್ಯಾಟರಿ ಮತ್ತು ಉಳಿದ ಕಾರಿನ ನಡುವೆ ಕಾಂಟ್ಯಾಕ್ಟರ್ ಅನ್ನೋ ದಪ್ಪ ಸ್ವಿಚ್ಚುಗಳಿವೆ. ಅವನ್ನು ಮುಚ್ಚಬೇಕಾದರೂ, ಅಂದರೆ ಕರೆಂಟ್ ಹರಿಯುವ ಹಾಗೆ ಜೋಡಿಸಬೇಕಾದರೂ, ಚಿಕ್ಕ ಬ್ಯಾಟರಿಯೇ ಶಕ್ತಿ ಕೊಡಬೇಕು. ಅದು ಡೌನ್ ಆದರೆ ದೊಡ್ಡದರಲ್ಲಿ ಎಷ್ಟಿದ್ದರೂ ಪ್ರಯೋಜನ ಇಲ್ಲ. ಸ್ವಿಚ್ಚು ಮುಚ್ಚಿ, ಕಾರು ಓಡಲು ಸಿದ್ಧ ಅಂತ ತೋರಿಸುವ ರೆಡಿ ಲೈಟ್ ಬಂದ ಮೇಲೆ ಡಿಸಿ ಕನ್ವರ್ಟರ್ ಅನ್ನೋ ಭಾಗ ದೊಡ್ಡ ಬ್ಯಾಟರಿಯಿಂದ ತಗೊಂಡು ಚಿಕ್ಕದನ್ನು ತುಂಬಿಸುತ್ತದೆ. ಕೆಲವು ಕಾರುಗಳು ನಿಂತಿದ್ದಾಗಲೂ ಆಗಾಗ ತುಂಬಿಸಿಕೊಳ್ಳುತ್ತವೆ. ನನ್ನದರಲ್ಲಿ ಆ ವ್ಯವಸ್ಥೆ ಇಲ್ಲ.

ಈಗ ರೇಡಿಯೋ ವಿಷಯಕ್ಕೆ ಬರೋಣ. ಸ್ಟಾರ್ಟ್ ಒತ್ತಿದ ಮೇಲೆ ಕಾಂಟ್ಯಾಕ್ಟರ್ ಮುಚ್ಚುವವರೆಗಿನ ಒಂದೆರಡು ಸೆಕೆಂಡು ಪೂರ್ತಿ ಭಾರ ಚಿಕ್ಕ ಬ್ಯಾಟರಿ ಮೇಲೆಯೇ. ಬ್ರೇಕಿನ ಪಂಪು, ಕೂಲಿಂಗ್ ಪಂಪು, ಪರದೆ, ಕಂಪ್ಯೂಟರ್ ಎಲ್ಲಾ ಒಟ್ಟಿಗೆ ಎದ್ದು ಕರೆಂಟ್ ಎಳೆಯುತ್ತವೆ. ಬ್ಯಾಟರಿ ಸೊರಗಿದ್ದರೆ ವೋಲ್ಟೇಜ್ ಆ ಕ್ಷಣಕ್ಕೆ ಕುಸಿಯುತ್ತದೆ. ನನ್ನ ಕಾರಲ್ಲಿ ಅದನ್ನು ಮೊದಲು ತಾಳಲಾರದೇ ಹೋಗಿದ್ದು ರೇಡಿಯೋ. ಅಂದರೆ ಗಡಿಯಾರ 12:00ಕ್ಕೆ ಹೋಗಿದ್ದೇ ಬ್ಯಾಟರಿ ಕೊಟ್ಟ ಮೊದಲ ಸುಳಿವು, ನಾನು ಅದನ್ನು ರೇಡಿಯೋದ ತೊಂದರೆ ಅಂತ ಓದಿಕೊಂಡೆ.

ಮ್ಯಾನುಯಲ್‌ನಲ್ಲಿ ಹೇಳಿದ ಜಾಗಕ್ಕೆ ಜಂಪ್ ಪ್ಯಾಕ್ (ಹೊರಗಿನಿಂದ ಕರೆಂಟ್ ಕೊಡುವ ಕೈಬ್ಯಾಟರಿ) ಹಾಕಿ ಕಾರು ಎಬ್ಬಿಸಿದೆ. ಪೆಟ್ರೋಲ್ ಕಾರಿನ ಹಾಗೆ ಭಾರಿ ಕರೆಂಟ್ ಬೇಕಾಗಲಿಲ್ಲ, ಕಂಪ್ಯೂಟರ್‌ಗಳು ಎದ್ದರೆ ಸಾಕು. ಚಿಕ್ಕ ಬ್ಯಾಟರಿ ಹಳೆಯದಾಗಿತ್ತು, ಹೊಸದು ಹಾಕಿಸಿದೆ. ಮುಗೀತು ಅಂದುಕೊಂಡೆ. ಮೂರು ವಾರಕ್ಕೆ ಗಡಿಯಾರ ಮತ್ತೆ 12:00.

ಹೊಸ ಬ್ಯಾಟರಿಯೂ ಸೊರಗುತ್ತಿದೆ ಅಂದರೆ ಯಾರೋ ಒಳಗೆ ಕೂತು ಕುಡಿಯುತ್ತಿದ್ದಾರೆ ಅಂತಲೇ ಅರ್ಥ. ಅವತ್ತು ನಾನೇ ಮೀಟರ್ ಹಿಡಿದು ಕೂತೆ.

ಮೊದಲಿಗೆ ವೋಲ್ಟೇಜ್. ಕಾರು ಓಡುವಾಗ 14.2 ಇತ್ತು, ಅಂದರೆ ಕನ್ವರ್ಟರ್ ಸರಿಯಾಗಿದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ 12.1. ಸೀಸ-ಆಮ್ಲದ ಬ್ಯಾಟರಿಯಲ್ಲಿ ಲೋಡ್ ಇಲ್ಲದೆ 12.6ರ ಮೇಲಿದ್ದರೆ ಪೂರ್ತಿ, 12.2 ಅಂದರೆ ಹತ್ತಿರಹತ್ತಿರ ಅರ್ಧ, 11.8 ಅಂದರೆ ಖಾಲಿ. ಒಂದೇ ರಾತ್ರಿಯಲ್ಲಿ ಅರ್ಧ ಹೋಗುವುದು ಸಹಜ ಅಲ್ಲವೇ ಅಲ್ಲ.

ಆಮೇಲೆ ಕರೆಂಟ್. ಇಲ್ಲಿ ಒಂದು ಪಾಠ ಕಲಿತೆ. ನೆಗೆಟಿವ್ ತಂತಿ ಬಿಚ್ಚಿ ನಡುವೆ ಮಲ್ಟಿಮೀಟರ್ ಹಾಕಿದೆ. ಕಾದು ನೋಡಿದರೆ 0.03 ಆಂಪ್, ಏನೂ ತಪ್ಪಿಲ್ಲ! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ತಂತಿ ಬಿಚ್ಚಿದ ಕ್ಷಣ ಎಲ್ಲಾ ಕಂಪ್ಯೂಟರ್‌ಗಳೂ ಆಫ್ ಆಗಿ ಹೊಸದಾಗಿ ಶುರುವಾಗುತ್ತವೆ, ಸಿಕ್ಕಿಹಾಕಿಕೊಂಡಿದ್ದ ತೊಂದರೆ ಅಲ್ಲಿಗೇ ಅಳಿಸಿಹೋಗುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದೆ, ನಾಲ್ಕು ದಿನ ಚೆನ್ನಾಗಿತ್ತು ಅಂತ ತುಂಬಾ ಜನ ಹೇಳುತ್ತಾರಲ್ವಾ, ಅದರ ಹಿಂದಿನ ಕಾರಣವೂ ಇದೇ ಇರಬಹುದು. ಹಾಗಾಗಿ ತಂತಿ ಬಿಚ್ಚದೆ ಅಳೆಯಬೇಕು. ತಂತಿಯ ಸುತ್ತ ಕಚ್ಚಿ ಹಿಡಿದು ಡಿಸಿ ಕರೆಂಟ್, ಅಂದರೆ ಬ್ಯಾಟರಿಯಿಂದ ಬರುವಂಥ ಕರೆಂಟ್, ತೋರಿಸುವ ಕ್ಲ್ಯಾಂಪ್ ಮೀಟರ್ ತಂದೆ. ಎಲ್ಲಾ ಕ್ಲ್ಯಾಂಪ್ ಮೀಟರೂ ಡಿಸಿ ತೋರಿಸುವುದಿಲ್ಲ, ನೋಡಿ ತಗೊಳ್ಳಿ. ತಂತಿಗೆ ಹಾಕುವ ಮೊದಲು ಸೊನ್ನೆ ಮಾಡಿಕೊಳ್ಳಬೇಕು.

ಕಾರು ನಿಜವಾಗಿ ಮಲಗಿದೆಯೋ, ಅಂದರೆ ಅದರ ಕಂಪ್ಯೂಟರ್‌ಗಳು ಸುಮ್ಮನಾಗಿವೆಯೋ ಅಂತ ನೋಡಬೇಕಾದರೆ ನಾವು ಅದನ್ನು ಎಬ್ಬಿಸಬಾರದು. ಬಾನೆಟ್ ತೆಗೆದೇ ಇತ್ತು, ಅದರ ಬೀಗದ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿದೆ. ಫ್ಯೂಸ್ ಪೆಟ್ಟಿಗೆ ಡ್ಯಾಶ್‌ಬೋರ್ಡ್ ಕೆಳಗಿದೆ, ಹಾಗಾಗಿ ಚಾಲಕನ ಬಾಗಿಲಿನ ಕೊಕ್ಕೆಗೂ ಅದೇ ಉಪಾಯ. ಮುಗಿದ ಮೇಲೆ ಹಿಡಿಕೆ ಎಳೆದು ಕೊಕ್ಕೆ ಬಿಡಿಸದೆ ಬಾಗಿಲು ಹಾಕಲು ಹೋಗಬೇಡಿ, ಮುರಿಯುತ್ತದೆ. ಕೀಲಿಯನ್ನು ಮನೆಯೊಳಗೆ ದೂರ ಇಟ್ಟೆ, ಯಾಕಂದರೆ ಜೇಬಲ್ಲಿದ್ದರೆ ಕಾರು ಗುರುತು ಹಿಡಿದು ಏಳುತ್ತದೆ. ಫೋನಿನ ಆ್ಯಪ್ ಮುಟ್ಟಲೇ ಇಲ್ಲ. ಅದಕ್ಕೂ ಮೊದಲು ಆತಂಕದಲ್ಲಿ ದಿನಕ್ಕೆ ಹತ್ತು ಸಲ ಆ್ಯಪ್ ತೆಗೆದು ಬ್ಯಾಟರಿ ನೋಡುತ್ತಿದ್ದೆ. ನನ್ನ ಕಾರಲ್ಲಿ ಪ್ರತಿ ಸಲ ನೋಡಿದಾಗಲೂ ಕಾರು ಎದ್ದು ಉತ್ತರ ಕೊಡುತ್ತದೆ, ಅದಕ್ಕೂ ಚಿಕ್ಕ ಬ್ಯಾಟರಿಯೇ ಖರ್ಚು.

ಲಾಕ್ ಮಾಡಿದ ತಕ್ಷಣ 6 ಆಂಪ್ ಇತ್ತು. ಐದು ನಿಮಿಷಕ್ಕೆ 2.5ಕ್ಕೆ ಇಳಿಯಿತು. ಇಪ್ಪತ್ತು ನಿಮಿಷಕ್ಕೆ 1.4. ಅಲ್ಲೇ ನಿಂತಿತು. ಒಂದು ಗಂಟೆ ಆದರೂ 1.4.

ಸರಿಯಾಗಿ ಮಲಗಿದ ಕಾರು ಸಾಮಾನ್ಯವಾಗಿ 0.02ರಿಂದ 0.05 ಆಂಪ್ ಎಳೆಯುತ್ತದೆ. 1.4 ಅಂದರೆ ರಾತ್ರಿಯ 12 ಗಂಟೆಯಲ್ಲಿ ಸುಮಾರು 17 ಆಂಪ್-ಅವರ್ (ಆಂಪ್ ಗುಣಿಸು ಗಂಟೆ). ನನ್ನ ಬ್ಯಾಟರಿ ಪೂರ್ತಿ ತುಂಬಿದರೆ 45. ದಿನಾ ಒಂದು ಗಂಟೆ ಓಡಿಸಿದರೆ ಅಷ್ಟೂ ವಾಪಸ್ ತುಂಬುವುದಿಲ್ಲ, ಈ ಬ್ಯಾಟರಿ ಕೊನೆಯ ಭಾಗವನ್ನು ತುಂಬಾ ನಿಧಾನ ತಗೊಳ್ಳುತ್ತದೆ. ವಾರವಿಡೀ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬಂದು, ಎರಡು ದಿನ ಸುಮ್ನೆ ನಿಂತರೆ ಸೋಮವಾರಕ್ಕೆ ಸತ್ತಿರುತ್ತದೆ. ಲೆಕ್ಕ ಸರಿಹೋಯಿತು.

ಯಾರು ಎಳೆಯುತ್ತಿದ್ದಾರೆ ಅನ್ನುವುದಕ್ಕೆ ಫ್ಯೂಸ್ ಕಿತ್ತು ನೋಡುವುದು ಎಲ್ಲರೂ ಮಾಡುವ ಕೆಲಸ. ಆದರೆ ಕಿತ್ತು ಹಾಕಿದರೆ ಮತ್ತೆ ಯಾವುದೋ ಕಂಪ್ಯೂಟರ್ ಏಳುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಇದೆ. ಫ್ಯೂಸಿನ ನೆತ್ತಿಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆಗಳು ಕಾಣುತ್ತವೆ. ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಎರಡೂ ಕಡ್ಡಿಗಳನ್ನು ಆ ಚುಕ್ಕೆಗಳಿಗೆ ತಾಗಿಸಿ. ಕರೆಂಟ್ ಹರಿಯದಿದ್ದರೆ 0.0. ಹರಿಯುತ್ತಿದ್ದರೆ ಚೂರು ಏನಾದರೂ ತೋರಿಸುತ್ತದೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ಮುಟ್ಟುತ್ತಾ ಹೋದೆ. 0.0, 0.0, 0.1, 0.0. ಇಪ್ಪತ್ತಕ್ಕೂ ಜಾಸ್ತಿ ಫ್ಯೂಸ್ ಆದ ಮೇಲೆ 15 ಆಂಪಿನ ನೀಲಿ ಫ್ಯೂಸ್ ಒಂದರ ಮೇಲೆ 6.3 ಮಿಲಿವೋಲ್ಟ್ ಬಂತು. ಮುಚ್ಚಳದ ಹಿಂದಿನ ಪಟ್ಟಿ ನೋಡಿದೆ. ಆಡಿಯೋ.

ಪರದೆ ಕಪ್ಪಾಗಿತ್ತು, ಒಳಗೆ ಪೂರ್ತಿ ಕತ್ತಲೆ. ಕೈ ಚಾಚಿ ಪರದೆಯ ಹಿಂಭಾಗ ಮುಟ್ಟಿದೆ. ಬೆಚ್ಚಗಿತ್ತು! ಕಾರು ಲಾಕ್ ಮಾಡಿ ಎರಡು ಗಂಟೆ ಆಗಿತ್ತು, ಅಷ್ಟು ಹೊತ್ತಿಗೆ ಅದು ತಣ್ಣಗಾಗಿರಬೇಕಿತ್ತು.

ಆ ಫ್ಯೂಸ್ ಕಿತ್ತೆ. ಹತ್ತು ನಿಮಿಷದಲ್ಲಿ ಕರೆಂಟ್ 0.03ಕ್ಕೆ ಬಂತು. ಹಾಗಾದರೆ ರೇಡಿಯೋ ಕೆಟ್ಟಿದೆಯಾ? ಇಷ್ಟಕ್ಕೇ ಹೊಸ ರೇಡಿಯೋ ಹಾಕಿಸಲು ಹೋಗಬಾರದು. ಅದು ಯಾಕೆ ಎಚ್ಚರ ಇದೆ ಅಂತ ನೋಡಬೇಕು. ರೇಡಿಯೋಗೆ ಹೊರಗಿನಿಂದ ಸೇರಿರುವುದು ಏನೇನು ಅಂತ ಯೋಚಿಸಿದೆ. ಒಂದು ಪೆನ್‌ಡ್ರೈವ್, ಅಷ್ಟೇ. ಕಾರು ಬಂದ ದಿನದಿಂದ ಅಲ್ಲೇ ಇತ್ತು, ಸಾವಿರಾರು ಹಾಡು. ಅದನ್ನು ತೆಗೆದು, ಫ್ಯೂಸ್ ವಾಪಸ್ ಹಾಕಿ, ಒಂದು ದಿನ ಮಾಮೂಲಿಯಾಗಿ ಓಡಿಸಿ, ರಾತ್ರಿ ಮತ್ತೆ ಅಳೆದೆ. 0.03. ಪೆನ್‌ಡ್ರೈವ್ ಹಾಕಿ ಮಾರನೇ ರಾತ್ರಿ ಅಳೆದೆ. 1.4. ಮೂರು ಸಲ ಹೀಗೇ ಅದಲು ಬದಲು ಮಾಡಿದ ಮೇಲೆಯೇ ನಂಬಿದ್ದು.

ಪೆನ್‌ಡ್ರೈವನ್ನು ಮನೆಯ ಕಂಪ್ಯೂಟರಿಗೆ ಹಾಕಿ ನೋಡಿದರೆ ಕೆಲವು ಹಾಡಿನ ಫೈಲುಗಳು ಹಾಳಾಗಿದ್ದವು, ಕಾಪಿ ಮಾಡಲು ಹೋದರೆ ಅಲ್ಲೇ ನಿಂತುಬಿಡುತ್ತಿತ್ತು. ರೇಡಿಯೋ ಹಾಡುಗಳ ಪಟ್ಟಿ ಮಾಡುವಾಗ ಅಲ್ಲಿಗೆ ಬಂದು ಸಿಕ್ಕಿಕೊಂಡು, ಮತ್ತೆ ಮೊದಲಿಂದ ಶುರು ಮಾಡುತ್ತಾ, ಮಲಗುವುದನ್ನೇ ಮರೆಯುತ್ತಿತ್ತು ಅಂತ ನನ್ನ ತೀರ್ಮಾನ. ಆಮೇಲೆ ಬ್ಯಾಟರಿ ಸೊರಗಿ ಅದೇ ರೇಡಿಯೋ ರೀಸ್ಟಾರ್ಟ್ ಆಗುತ್ತಿತ್ತು, ಎದ್ದ ಕೂಡಲೇ ಮತ್ತೆ ಪಟ್ಟಿ ಮಾಡಲು ಕೂರುತ್ತಿತ್ತು. ಬ್ಲೂಟೂತ್ ಬಿಟ್ಟುಹೋಗುವುದೂ ಪೆನ್‌ಡ್ರೈವ್ ತೆಗೆದ ಮೇಲೆ ನಿಂತಿತು.

ಎಫ್‌ಎಂನ ಸುರ್ ಸದ್ದು ಮಾತ್ರ ಉಳಿಯಿತು. ಇದಕ್ಕೆ ಕಾರಣವೇ ಬೇರೆ. ಸದ್ದು ವೇಗದ ಜೊತೆ ಏರಿ ಇಳಿದರೆ ದೊಡ್ಡ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದ ಹಾಗೆ ಬದಲಿಸುವ ಇನ್ವರ್ಟರ್ ಕಡೆ ಅನುಮಾನಿಸಬೇಕು. ಎಎಂನಲ್ಲಿ ಅದು ಜಾಸ್ತಿ, ಅದಕ್ಕೇ ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಎಎಂ ಕೊಡುವುದೇ ಇಲ್ಲ. ನನ್ನ ಸದ್ದು ಕಾರು ನಿಂತಿದ್ದಾಗಲೂ ಒಂದೇ ಸಮ ಇತ್ತು. ಡ್ಯಾಶ್‌ಕ್ಯಾಮಿನ ಚಾರ್ಜರ್ ಕಿತ್ತೆ, ಸದ್ದು ಮಾಯ. ಬೇರೆ ಒಳ್ಳೆಯ ಚಾರ್ಜರ್ ಹಾಕಿ, ಆಂಟೆನಾ ತಂತಿಯ ಪಕ್ಕದಲ್ಲೇ ಹೋಗಿದ್ದ ಕ್ಯಾಮೆರಾ ತಂತಿಯನ್ನು ಮುಂದಿನ ಗಾಜಿನ ಇನ್ನೊಂದು ಬದಿಯ ಕಂಬದ ಕಡೆ ತಿರುಗಿಸಿ, ತಂತಿಯ ಸದ್ದು ತಡೆಯುವ ಒಂದು ಫೆರೈಟ್ ಉಂಗುರ ಸಿಕ್ಕಿಸಿದೆ. ಅಲ್ಲಿಗೆ ಸರಿಹೋಯಿತು.

ನೀವೂ ಮಾಡುವುದಾದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳ ಹತ್ತಿರ ದಯವಿಟ್ಟು ಹೋಗಬೇಡಿ. ಅವು ದೊಡ್ಡ ಬ್ಯಾಟರಿಯವು, ಜೀವ ತೆಗೆಯುವಷ್ಟು ವೋಲ್ಟೇಜ್. ನಾನು ಮಾಡಿದ ಅಷ್ಟೂ ಕೆಲಸ 12 ವೋಲ್ಟಿನ ಕಡೆಯದು. ಅಲ್ಲೂ ಪ್ಲಸ್ ಟರ್ಮಿನಲ್‌ಗೆ ತಾಗಿದ ಸ್ಪ್ಯಾನರ್ ಕಾರಿನ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಉಂಗುರ ವಾಚು ತೆಗೆದಿಟ್ಟು ಕೂರಿ.

ಸರ್ವಿಸ್ ಸೆಂಟರಿಗೆ ಎರಡನೇ ಸಲ ಹೋದಾಗ ರೇಡಿಯೋ ಸರಿಯಿಲ್ಲ ಅಂತ ಹೇಳಲಿಲ್ಲ. ಲಾಕ್ ಮಾಡಿ ಒಂದು ಗಂಟೆ ಆದ ಮೇಲೆ 1.4 ಆಂಪ್, ಆಡಿಯೋ ಫ್ಯೂಸ್ ತೆಗೆದರೆ 0.03, ಪೆನ್‌ಡ್ರೈವ್ ಹಾಕಿದರೆ ಮತ್ತೆ 1.4 ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಅಲ್ಲಿನ ಹುಡುಗ ಅದನ್ನು ಎರಡು ಸಲ ಓದಿ, ಒಳಗಿಂದ ಇನ್ನೊಬ್ಬರನ್ನು ಕರೆದುಕೊಂಡು ಬಂದ. ಅವತ್ತು ಮೊದಲ ಸಲ ನನ್ನೆದುರೇ ಚಿಕ್ಕ ಬ್ಯಾಟರಿಗೆ ಮೀಟರ್ ಇಟ್ಟು ನೋಡಿದರು.

ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಇನ್ನೂರು ಹಾಡು ಮಾತ್ರ ಹಾಕಿದ್ದೇನೆ, ಒಂದೊಂದನ್ನೂ ನಾನೇ ಕೇಳಿ ನೋಡಿದ ಮೇಲೆ. ಹೋದ ತಿಂಗಳು ಕಾರನ್ನು 12 ದಿನ ನಿಲ್ಲಿಸಿ ಹೋಗಬೇಕಾಯಿತು. ಬಂದ ದಿನ ಬಾಗಿಲು ತೆಗೆಯುವ ಮೊದಲು ಬಾನೆಟ್ ಎತ್ತಿ ಮೀಟರ್ ಇಟ್ಟೆ. 12.5 ಇತ್ತು. ಸ್ಟಾರ್ಟ್ ಒತ್ತಿದಾಗ ಗಡಿಯಾರವೂ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು.