ಕಡಿಮೆ ಕೊಡುವುದನ್ನು ಕಲಿತದ್ದು: ಮುಂಬೈಯ ಐಸಿಯುವಿನಲ್ಲಿ ನನ್ನ ಅನುಭವ

ಮುಂಬೈಯ ಪೂರ್ವ ಉಪನಗರದ ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನಾನು ಬಹಳ ವರ್ಷಗಳಿಂದ ವೈದ್ಯನಾಗಿ ಕೆಲಸ ಮಾಡುತ್ತಿದ್ದೇನೆ. ಐಸಿಯು ಎಂದರೆ ಎಲ್ಲವನ್ನೂ ಹೆಚ್ಚು ಹೆಚ್ಚು ಕೊಡುವ ಜಾಗ ಎಂಬ ನಂಬಿಕೆ ರೋಗಿಗಳ ಮನೆಯವರಲ್ಲಿ ಮಾತ್ರವಲ್ಲ, ಹೊಸದಾಗಿ ಬರುವ ವೈದ್ಯರಲ್ಲಿಯೂ ಇರುತ್ತದೆ. ಆದರೆ ನನ್ನ ಕಣ್ಣೆದುರಿಗೇ ಈ ವಿಭಾಗದಲ್ಲಿ ಆದ ಒಳ್ಳೆಯ ಬದಲಾವಣೆಗಳಲ್ಲಿ ಬಹುಪಾಲು, ಕೊಡುತ್ತಿದ್ದುದನ್ನು ಕಡಿಮೆ ಮಾಡಿದ್ದರಿಂದ ಬಂದವು. ಅದನ್ನು ನಮ್ಮ ಘಟಕದಲ್ಲಿ ಹೇಗೆ ರೂಢಿಗೆ ತಂದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ರೋಗಿಗಳ ಗಂಟಲಿನಲ್ಲಿ ರಂಧ್ರ ಮಾಡಿ ನಳಿಕೆ ಹಾಕಿಸಿ, ವೈದ್ಯಕೀಯ ವಿದ್ಯಾರ್ಥಿಗಳಿಂದ ಸರದಿಯಲ್ಲಿ ಕೈಯಿಂದಲೇ ರಬ್ಬರ್ ಚೀಲ ಒತ್ತಿಸಿ ಉಸಿರು ಕೊಡಿಸಿದರು. ಐಸಿಯು ಎಂಬ ವ್ಯವಸ್ಥೆ ಹುಟ್ಟಿದ್ದು ಅಲ್ಲಿಂದ. ಮುಂಬೈಯಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಧನುರ್ವಾಯು ರೋಗಿಗಳ ಚಿಕಿತ್ಸೆಗೆ ಹೆಸರಾದ ಡಾ. ಫರೋಖ್ ಉದ್ವಾಡಿಯಾ ಅವರು ಪ್ರಮುಖರು. ಇಂಡಿಯನ್ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ಸ್ಥಾಪನೆಯಾದದ್ದೂ ಇದೇ ಊರಿನಲ್ಲಿ, 1993ರಲ್ಲಿ. ಆ ಕಾಲದ ವೆಂಟಿಲೇಟರ್ ಚಿಕಿತ್ಸೆಯ ಗುರಿ ರಕ್ತದಲ್ಲಿನ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡಿನ ಅಂಕಿಗಳನ್ನು ಆರೋಗ್ಯವಂತನ ಅಂಕಿಗಳಂತೆ ಇಡುವುದಾಗಿತ್ತು. ಅದಕ್ಕಾಗಿ ಒಂದೊಂದು ಉಸಿರಿಗೂ ಸಾಕಷ್ಟು ದೊಡ್ಡ ಪ್ರಮಾಣದ ಗಾಳಿಯನ್ನು ತಳ್ಳುತ್ತಿದ್ದರು.

2000ದಲ್ಲಿ ಅಮೆರಿಕದ ಆರ್ಡ್ಸ್ (ಶ್ವಾಸಕೋಶ ಏಕಾಏಕಿ ತೀವ್ರವಾಗಿ ಹಾನಿಗೊಳ್ಳುವ ಸ್ಥಿತಿ) ಜಾಲದ ಅಧ್ಯಯನ ಪ್ರಕಟವಾಯಿತು. ತೀವ್ರವಾಗಿ ಹಾನಿಗೊಂಡ ಶ್ವಾಸಕೋಶದ 861 ರೋಗಿಗಳಲ್ಲಿ ಒಂದು ಗುಂಪಿಗೆ ಪ್ರತಿ ಉಸಿರಿನಲ್ಲಿ ದೇಹತೂಕದ ಕೆ.ಜಿ.ಗೆ 12 ಮಿ.ಲೀ., ಇನ್ನೊಂದಕ್ಕೆ 6 ಮಿ.ಲೀ. ಗಾಳಿ ಕೊಡಲಾಗಿತ್ತು, ಮೊದಲ ಗುಂಪಿನಲ್ಲಿ ಸಾವು ಶೇ. 39.8, ಎರಡನೆಯದರಲ್ಲಿ ಶೇ. 31. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ, ಗುಂಡಿಯನ್ನು ಕೆಳಕ್ಕೆ ತಿರುಗಿಸಿದ್ದಷ್ಟೇ. ಹಾನಿಗೊಂಡ ಶ್ವಾಸಕೋಶದಲ್ಲಿ ಗಾಳಿ ಹೋಗಬಲ್ಲ ಭಾಗ ಚಿಕ್ಕ ಮಗುವಿನ ಶ್ವಾಸಕೋಶದಷ್ಟೇ ಉಳಿದಿರುತ್ತದೆ. ಅದರೊಳಗೆ ದೊಡ್ಡವರ ಉಸಿರನ್ನು ತುಂಬಿದರೆ ಉಳಿದ ಭಾಗವೂ ಹರಿದುಹೋಗುತ್ತದೆ.

ಆ 6 ಮಿ.ಲೀ. ಲೆಕ್ಕ ರೋಗಿಯ ಈಗಿನ ತೂಕದ್ದಲ್ಲ, ಎತ್ತರಕ್ಕೆ ತಕ್ಕಂತೆ ಇರಬೇಕಾದ ತೂಕದ್ದು. ಮನುಷ್ಯ ದಪ್ಪಗಾದರೆ ಅವನ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಹಾಗಾಗಿ ನಮ್ಮ ಘಟಕದಲ್ಲಿ ಮೊದಲು ಮಾಡಿದ ಕೆಲಸ ಪ್ರತಿ ಹಾಸಿಗೆಗೂ ಒಂದು ಅಳತೆ ಟೇಪು ತರಿಸಿದ್ದು. ಹಾಸಿಗೆಯನ್ನು ಮಟ್ಟಸವಾಗಿ ಇಳಿಸಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆಯಬೇಕು. ಗಂಡಸಾದರೆ ಎತ್ತರದ ಸೆಂಟಿಮೀಟರಿನಿಂದ 152.4 ಕಳೆದು, 0.91ರಿಂದ ಗುಣಿಸಿ, 50 ಕೂಡಿಸಬೇಕು. ಹೆಂಗಸಾದರೆ 50ರ ಬದಲು 45.5. ಹೀಗೆ ಬಂದ ಕೆ.ಜಿ.ಯನ್ನು 6ರಿಂದ ಗುಣಿಸಬೇಕು. ಎತ್ತರ 165 ಸೆಂ.ಮೀ., ತೂಕ 95 ಕೆ.ಜಿ. ಇರುವ ಗಂಡಸಿಗೆ ಈ ಲೆಕ್ಕದಲ್ಲಿ ಬರುವುದು ಸುಮಾರು 370 ಮಿ.ಲೀ. ತೂಕದ ಯಂತ್ರ ತೋರಿಸಿದ್ದನ್ನು ನಂಬಿದರೆ ಅದು 570 ಆಗುತ್ತದೆ. 150 ಸೆಂ.ಮೀ. ಎತ್ತರದ ಹೆಂಗಸಿಗೆ ಬರುವುದು 260 ಮಾತ್ರ. ಈ ಸಂಖ್ಯೆಯನ್ನು ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದು ವೆಂಟಿಲೇಟರಿನ ಮೇಲೆ ಅಂಟಿಸುತ್ತೇವೆ. ರಾತ್ರಿ ಪಾಳಿಯವರು ಪುನಃ ಯೋಚಿಸಬೇಕಾದ ಅಗತ್ಯ ಬೀಳಬಾರದು. ಇಷ್ಟು ಕಡಿಮೆ ಗಾಳಿ ಕೊಟ್ಟಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆ ಏರಿಕೆಯನ್ನು ಒಂದು ಮಿತಿಯವರೆಗೆ ಸಹಿಸಿಕೊಳ್ಳಬೇಕು ಎಂದು ಕಿರಿಯ ವೈದ್ಯರಿಗೆ ಒಪ್ಪಿಸುವುದೇ ದೊಡ್ಡ ಕೆಲಸ, ಏಕೆಂದರೆ ಕೆಂಪಕ್ಷರದಲ್ಲಿ ಬಂದ ವರದಿಯನ್ನು ಸರಿಪಡಿಸಬೇಕೆಂದೇ ಅವರು ಕಾಲೇಜಿನಲ್ಲಿ ಕಲಿತಿರುತ್ತಾರೆ.

ಮುಂಬೈಯ ಮಳೆಗಾಲದಲ್ಲಿ ಈ ಶಿಸ್ತಿನ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ಮೇಲೆ ಇಲಿಜ್ವರ ಎಷ್ಟು ಜನರನ್ನು ಹಾಸಿಗೆ ಹಿಡಿಸಿತು ಎಂಬುದು ಆಗ ಇಲ್ಲಿದ್ದವರಿಗೆಲ್ಲ ನೆನಪಿದೆ. ನಿಂತ ನೀರಿನಲ್ಲಿ ನಡೆದು ಕೆಲಸಕ್ಕೆ ಹೋಗಿಬಂದ ಗಟ್ಟಿಮುಟ್ಟಾದ ಯುವಕನಿಗೆ ಜ್ವರ ಬಂದು, ಕಣ್ಣು ಕೆಂಪಾಗಿ, ನೋಡನೋಡುತ್ತಿದ್ದಂತೆ ಶ್ವಾಸಕೋಶದೊಳಗೆ ರಕ್ತ ಒಸರತೊಡಗುತ್ತದೆ. ಇಂಥವರಿಗೆ ಆಮ್ಲಜನಕ ಏರದಿದ್ದಾಗ ನಾವು ಅವರನ್ನು ಬೋರಲು ಮಲಗಿಸುತ್ತೇವೆ. ಫ್ರಾನ್ಸ್ ಮತ್ತು ಸ್ಪೇನಿನ ಐಸಿಯುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ, ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದರೆ 28 ದಿನಗಳೊಳಗಿನ ಸಾವು ಶೇ. 32.8ರಿಂದ 16ಕ್ಕೆ ಇಳಿಯುತ್ತದೆಂದು ತೋರಿಸಿತು. ಇದಕ್ಕೆ ಬೇಕಾದದ್ದು ಐದು ಜನ ಮತ್ತು ಎರಡು ಬೆಡ್‌ಶೀಟು. ತಲೆಯ ಬಳಿ ನಿಂತವರು ನಳಿಕೆಯನ್ನು ಕೈಬಿಡಬಾರದು ಮತ್ತು ಎಲ್ಲರೂ ಒಟ್ಟಿಗೆ ಮಗುಚಲು ಹೇಳುವ 'ಒಂದು, ಎರಡು, ಮೂರು' ಎಣಿಕೆ ಅವರದೇ ಬಾಯಿಂದ ಬರಬೇಕು. ಮಗುಚಿದ ಕೂಡಲೇ ಇಸಿಜಿ ತಂತಿಗಳನ್ನು ಬೆನ್ನಿಗೆ ಅಂಟಿಸಬೇಕು, ಕಣ್ಣುಗಳು ಮುಚ್ಚಿವೆಯೇ ಎಂದು ನೋಡಬೇಕು, ಎರಡು ಗಂಟೆಗೊಮ್ಮೆ ಮುಖದ ಬದಿ ಬದಲಿಸಬೇಕು. ಕೋವಿಡ್ ಕಾಲದಲ್ಲಿ ಇಡೀ ಊರೇ ಈ ಪದ್ಧತಿಯ ಹೆಸರು ಕೇಳಿತು; ನಮ್ಮ ಸಿಸ್ಟರುಗಳಿಗೆ ಅಷ್ಟರಲ್ಲಿ ಅದು ಕೈಗೆ ಹತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ವೆಂಟಿಲೇಟರಿನಲ್ಲಿರುವವರಿಗೆ ಕೊಡುವ ಮಂಪರು ಔಷಧಿಯನ್ನು ಕಡಿಮೆ ಮಾಡುವುದು. ಪ್ರತಿದಿನ ಬೆಳಿಗ್ಗೆ ಮಂಪರನ್ನು ನಿಲ್ಲಿಸಿ ರೋಗಿಯನ್ನು ಎಚ್ಚರಿಸಿದರೆ ವೆಂಟಿಲೇಟರಿನ ಅವಧಿ ಮಧ್ಯಾಂಕದ ಲೆಕ್ಕದಲ್ಲಿ 7.3 ದಿನದಿಂದ 4.9 ದಿನಕ್ಕೆ ಇಳಿಯುತ್ತದೆ ಎಂದು ಷಿಕಾಗೋದ ವೈದ್ಯರು 2000ದಲ್ಲೇ ತೋರಿಸಿದ್ದರು. ಓದಿದವರೆಲ್ಲ ತಲೆಯಾಡಿಸುತ್ತಾರೆ, ಹಾಸಿಗೆಯ ಪಕ್ಕಕ್ಕೆ ಬಂದಾಗ ಯಾರಿಗೂ ಧೈರ್ಯ ಬರುವುದಿಲ್ಲ. ಎಚ್ಚರಗೊಂಡವನು ನಳಿಕೆಯನ್ನು ಎಳೆದುಹಾಕಿದರೆ ಎಂಬ ಭಯ ನಿಜವಾದದ್ದೇ. ಒಬ್ಬ ಸಿಸ್ಟರಿಗೆ ಇಬ್ಬರು ಮೂವರು ವೆಂಟಿಲೇಟರ್ ರೋಗಿಗಳಿರುವ ದಿನ ಆ ಭಯಕ್ಕೆ ಉತ್ತರವಿರುವುದಿಲ್ಲ. ಆದ್ದರಿಂದ ಎಲ್ಲರನ್ನೂ ಒಟ್ಟಿಗೆ ಎಚ್ಚರಿಸದೆ, ಬೆಳಿಗ್ಗೆ ಪಾಳಿ ಬದಲಾಗುವಾಗ ಎರಡೂ ಪಾಳಿಯವರು ಇರುವ ಹೊತ್ತಿನಲ್ಲಿ ಒಬ್ಬೊಬ್ಬರಂತೆ ಎಚ್ಚರಿಸುವ ಕ್ರಮ ಮಾಡಿಕೊಂಡೆವು. ಅಪಸ್ಮಾರದ ಸೆಳೆತ ನಿಲ್ಲದವರು, ತಲೆಯೊಳಗಿನ ಒತ್ತಡ ಏರಿರುವವರು, ಸ್ನಾಯುಗಳನ್ನು ಸಡಿಲಿಸುವ ಔಷಧಿಯ ಮೇಲಿರುವವರು ಈ ಪಟ್ಟಿಯಲ್ಲಿ ಇರುವುದಿಲ್ಲ.

ವಡಾಲದ ಒಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಕುಂದಾಪುರ ಕಡೆಯ ಹಿರಿಯರೊಬ್ಬರನ್ನು ನ್ಯುಮೋನಿಯಾದಿಂದ ದಾಖಲಿಸಿದ್ದೆವು. ಮಂಪರು ಇಳಿದಂತೆ ಅವರು ಕೈ ಬೀಸತೊಡಗಿದರು, ಮಾನಿಟರ್ ಕೂಗತೊಡಗಿತು. ಗಾಜಿನ ಆಚೆ ನಿಂತಿದ್ದ ಅವರ ಹೆಂಡತಿ, "ಡಾಕ್ಟ್ರೇ, ನಿದ್ದೆಯ ಮದ್ದು ಕೊಡಿ, ನನಗೆ ನೋಡ್ಲಿಕ್ಕೆ ಆಗುವುದಿಲ್ಲ" ಎಂದರು. ಮದ್ದು ಕೊಡುವ ಬದಲು ಅವರನ್ನೇ ಒಳಗೆ ಕರೆದು, ಕೈ ತೊಳೆಸಿ, ಗಂಡನ ಬಲಗೈ ಹಿಡಿದುಕೊಂಡು ಮಾತಾಡಲು ಹೇಳಿದೆ. ಮಗಳ ಮನೆಯ ವಿಷಯ, ಊರಿನ ಮಳೆಯ ವಿಷಯ ಹೇಳುತ್ತಾ ಹೋದರು. ಸ್ವಲ್ಪ ಹೊತ್ತಿನಲ್ಲಿ ಉಸಿರಾಟದ ವೇಗ ನಿಮಿಷಕ್ಕೆ 36ರಿಂದ 22ಕ್ಕೆ ಇಳಿಯಿತು. "ಅಣ್ಣಾ, ನನ್ನ ಬೆರಳು ಒತ್ತಿ" ಎಂದು ನಾನು ಹೇಳಿದಾಗ ಗಟ್ಟಿಯಾಗಿ ಒತ್ತಿದರು. ಯಂತ್ರದ ನೆರವನ್ನು ತೀರಾ ಕಡಿಮೆ ಮಾಡಿ ಅರ್ಧ ಗಂಟೆ ತಾವಾಗಿ ಉಸಿರಾಡಲು ಬಿಟ್ಟೆವು. ಅದರಲ್ಲಿ ತೇರ್ಗಡೆಯಾದರು, ಅದೇ ಮಧ್ಯಾಹ್ನ ನಳಿಕೆ ತೆಗೆದೆವು. ಎಲ್ಲರೂ ಹೀಗೆ ಮೊದಲ ಸಲಕ್ಕೇ ಗೆಲ್ಲುವುದಿಲ್ಲ. ಉಸಿರು 35 ದಾಟಿ ಅಲ್ಲೇ ನಿಂತರೆ, ಆಮ್ಲಜನಕ ಇಳಿದರೆ, ಪ್ರಯತ್ನವನ್ನು ಮರುದಿನಕ್ಕೆ ಬಿಡುತ್ತೇವೆ. ಆದರೆ ಪ್ರಯತ್ನಿಸದ ದಿನವಿರಬಾರದು.

ಸನ್ನಿಯನ್ನು, ಅಂದರೆ ಕಾಯಿಲೆಯ ನಡುವೆ ಬುದ್ಧಿ ಗೊಂದಲಗೊಳ್ಳುವುದನ್ನು, ಗುರುತಿಸುವುದಕ್ಕೂ ಎಚ್ಚರ ಬೇಕು. ಗಲಾಟೆ ಮಾಡುವ ಸನ್ನಿ ಎಲ್ಲರಿಗೂ ಕಾಣುತ್ತದೆ. ಸುಮ್ಮನೆ ಛಾವಣಿ ನೋಡುತ್ತಾ ಬಿದ್ದಿರುವ ಸನ್ನಿಯನ್ನು "ಪೇಷಂಟ್ ಶಾಂತವಾಗಿದ್ದಾರೆ" ಎಂದು ಬರೆದು ಮುಂದೆ ಹೋಗುತ್ತಾರೆ. ಅದಕ್ಕಾಗಿ ಇರುವ ಪರೀಕ್ಷೆಯಲ್ಲಿ ಹತ್ತು ಇಂಗ್ಲಿಷ್ ಅಕ್ಷರಗಳನ್ನು ಓದುತ್ತಾ ಹೋಗಿ, 'ಎ' ಬಂದಾಗ ಮಾತ್ರ ಕೈ ಒತ್ತಲು ಹೇಳುತ್ತಾರೆ. ಎರಡಕ್ಕಿಂತ ಹೆಚ್ಚು ತಪ್ಪಿದರೆ ಗಮನ ನಿಲ್ಲುತ್ತಿಲ್ಲ ಎಂದರ್ಥ. ನಮ್ಮ ರೋಗಿಗಳಲ್ಲಿ ಮರಾಠಿ, ಗುಜರಾತಿ, ಕನ್ನಡ, ತುಳು ಮಾತ್ರ ಬಲ್ಲವರು ಬಹಳ ಇರುವುದರಿಂದ, ಇಂಗ್ಲಿಷ್ ಬಾರದವರಿಗೆ ಅವರವರ ಭಾಷೆಯ ಅಂಕಿಗಳನ್ನು ಓದಿ, 'ಮೂರು' ಬಂದಾಗ ಒತ್ತಿ ಎನ್ನುತ್ತೇವೆ. ಜೊತೆಗೆ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟುಗಳನ್ನು ಮನೆಯಿಂದ ತರಿಸುತ್ತೇವೆ. ಕನ್ನಡಕವಿಲ್ಲದೆ ಐಸಿಯುವಿನ ಗಡಿಯಾರವೂ ಕಾಣದ ಮುದುಕರಿಗೆ ಹಗಲು ರಾತ್ರಿ ತಿಳಿಯುವುದಾದರೂ ಹೇಗೆ?

ರಕ್ತದ ವಿಷಯವೂ ಹೀಗೆಯೇ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿಯುವವರೆಗೆ, ರಕ್ತಸ್ರಾವವಿಲ್ಲದ ಹೆಚ್ಚಿನ ರೋಗಿಗಳಿಗೆ ರಕ್ತ ಕೊಡಬೇಕಾಗಿಲ್ಲ ಎಂದು 1999ರ ಕೆನಡಾದ ಅಧ್ಯಯನದ ನಂತರ ಸ್ಪಷ್ಟವಾಯಿತು. ಹೃದಯದ ತೊಂದರೆ ಇರುವವರ ಲೆಕ್ಕ ಬೇರೆ. ಆದರೂ ನಾಲ್ಕು ಜನ ರಕ್ತದಾನಿಗಳನ್ನು ಕರೆತಂದು ನಿಂತ ಮಗನಿಗೆ ಈಗ ಬೇಡ ಎಂದು ಹೇಳಲು ಸಮಯ ಬೇಕು, ತಾಳ್ಮೆ ಬೇಕು.

ನನ್ನನ್ನು ಇಂದು ಹೆಚ್ಚು ಚಿಂತೆಗೀಡುಮಾಡುವುದು ಸೋಂಕು. ಕಾರ್ಬಪೆನೆಮ್ ಎಂಬ ಪ್ರಬಲ ಆ್ಯಂಟಿಬಯೋಟಿಕ್‌ಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ನಮ್ಮ ದೇಶದ ಐಸಿಯುಗಳಲ್ಲಿ ನೆಲೆಯೂರಿವೆ. ಕೊನೆಗೆ ಉಳಿಯುವ ಕೊಲಿಸ್ಟಿನ್ ಎಂಬ ಔಷಧಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ನಳಿಕೆ, ಕ್ಯಾತೆಟರ್, ಕುತ್ತಿಗೆಯ ಲೈನು ಇವುಗಳಲ್ಲಿ ಯಾವುದು ಇಂದು ತೆಗೆಯಬಹುದು ಎಂದು ಪ್ರತಿ ರೌಂಡ್ಸ್‌ನಲ್ಲಿ ಗಟ್ಟಿಯಾಗಿ ಕೇಳುವುದನ್ನು ಇದೇ ಕಾರಣಕ್ಕೆ ಕಡ್ಡಾಯ ಮಾಡಿದ್ದೇವೆ. ಕೇಳುವವರು ಸಿಸ್ಟರು, ಉತ್ತರಿಸಬೇಕಾದವರು ವೈದ್ಯರು.

ಚಿಕಿತ್ಸೆಯನ್ನೇ ಕಡಿಮೆ ಮಾಡಬೇಕಾದ ಸಂದರ್ಭವೂ ಬರುತ್ತದೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ ಅವರು 1973ರಲ್ಲಿ ಹಲ್ಲೆಗೊಳಗಾಗಿ, ಮಿದುಳಿಗೆ ಹಾನಿಯಾಗಿ, 2015ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯ ದಾದಿಯರ ಆರೈಕೆಯಲ್ಲಿದ್ದರು. ಅವರ ಪ್ರಕರಣದಲ್ಲಿ 2011ರಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು, ನಂತರ 2018ರ ಸಂವಿಧಾನ ಪೀಠದ ತೀರ್ಪು, 2023ರಲ್ಲಿ ಅದರ ವಿಧಾನಗಳ ಸರಳೀಕರಣ, ಇವುಗಳಿಂದ ಫಲವಿಲ್ಲದ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ದಾರಿ ಕಾನೂನಿನಲ್ಲಿ ತೆರೆದಿದೆ. ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರು ಒಪ್ಪಬೇಕು. ಆದರೆ ಇದನ್ನೆಲ್ಲ ಮನೆಯವರಿಗೆ ಹೇಳುವ ಮಾತು ದಾಖಲಾದ ಮೊದಲ ದಿನಗಳಿಂದಲೇ ಶುರುವಾಗಬೇಕು. ಹಣವೆಲ್ಲ ಮುಗಿದ ದಿನ ಶುರುಮಾಡಿದರೆ ಅವರಿಗೆ ಅದು ಬೇರೆಯೇ ರೀತಿ ಕೇಳಿಸುತ್ತದೆ.

ಬದುಕಿ ಹೊರಗೆ ಹೋದವರಲ್ಲಿ ಹಲವರು ಕೈಕಾಲಿನ ಬಲಹೀನತೆಯಿಂದ, ನಿದ್ದೆಗೆಟ್ಟು, ನೆನಪು ಮಂಕಾಗಿ ತಿಂಗಳುಗಟ್ಟಲೆ ಬಳಲುತ್ತಾರೆ. ನಮ್ಮ ಕನ್ನಡಿಗ ರೋಗಿಗಳು ಡಿಸ್ಚಾರ್ಜ್ ಆದ ಮೇಲೆ ಹೆಚ್ಚಾಗಿ ಚೇತರಿಸಿಕೊಳ್ಳಲು ಊರಿಗೆ ಹೋಗುವುದರಿಂದ ಮತ್ತೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಅವರ ಕೈಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡುತ್ತೇನೆ: ಎಷ್ಟು ದಿನ ವೆಂಟಿಲೇಟರಿನಲ್ಲಿದ್ದರು, ನುಂಗಲು ತೊಂದರೆ ಇದೆಯೇ, ದಿನಕ್ಕೆ ಎಷ್ಟು ನಡೆಯಬೇಕು, ಯಾವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು, ಕೆಟ್ಟ ಕನಸು ಬೀಳುವುದು ಹುಚ್ಚಿನ ಲಕ್ಷಣವಲ್ಲ ಎಂಬುದು. ಕೊನೆಯ ಸಾಲಿನಲ್ಲಿ ಊರಿನ ವೈದ್ಯರು ನನಗೆ ಕರೆ ಮಾಡಬಹುದು ಎಂದು ಬರೆದು ಘಟಕದ ನಂಬರ್ ಕೊಟ್ಟಿರುತ್ತೇನೆ, ಮತ್ತು ಅವರು ಕರೆ ಮಾಡುತ್ತಾರೆ.