ಪಾಪ್ ಸಿಂಗಲ್ ಬಿಡುಗಡೆಯ ದಿನಾಂಕವನ್ನು ಖಚಿತಪಡಿಸಿಕೊಳ್ಳುವ ಬಗೆ

ದಾವಣಗೆರೆಯ ಕಾಲೇಜುಗಳಲ್ಲಿ ಕ್ವಿಜ್‌ಗೆ ಸಂಗೀತದ ಪ್ರಶ್ನೆಗಳನ್ನು ಸಿದ್ಧಪಡಿಸುವವರು ಹಾಡಿನ ಬಿಡುಗಡೆ ದಿನಾಂಕವನ್ನು ಸ್ಟ್ರೀಮಿಂಗ್ ಆ್ಯಪ್ ನೋಡಿ ಹಾಗೆಯೇ ಬರೆದುಕೊಳ್ಳಬಾರದು. ಅಲ್ಲಿ ಕಾಣುವುದು ಎಷ್ಟೋ ಸಲ ಮರುಬಿಡುಗಡೆಯ ಅಥವಾ ಸಂಕಲನದ ದಿನಾಂಕವಾಗಿರುತ್ತದೆ. ಮೊದಲು ಯಾವ ದೇಶದ ಬಿಡುಗಡೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬೀಟಲ್ಸ್ ತಂಡದ ‘ಲವ್ ಮಿ ಡೂ’ ಬ್ರಿಟನ್ನಿನಲ್ಲಿ 1962ರ ಅಕ್ಟೋಬರ್ 5ರಂದು ಬಿಡುಗಡೆಯಾಯಿತು, ಅಮೆರಿಕದಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಹೊರಬಂದದ್ದು 1964ರಲ್ಲಿ. ದೇಶವನ್ನು ಹೇಳದೆ ಪ್ರಶ್ನೆ ಕೇಳಿದರೆ ಸರಿಯುತ್ತರ ಹೇಳಿದ ವಿದ್ಯಾರ್ಥಿಗೂ ಅಂಕ ತಪ್ಪಬಹುದು, ಅದು ಅನ್ಯಾಯ.

ಡಿಸ್ಕ್ ಕೈಗೆ ಸಿಕ್ಕರೆ ಲೇಬಲ್ಲನ್ನು ಗಮನವಿಟ್ಟು ಓದಬೇಕು. ವೃತ್ತದೊಳಗಿನ ‘ಪಿ’ ಅಕ್ಷರದ ಪಕ್ಕದಲ್ಲಿರುವ ಇಸವಿಯು ಧ್ವನಿಮುದ್ರಣ ಮೊದಲು ಪ್ರಕಟವಾದ ವರ್ಷವನ್ನು ಸೂಚಿಸುತ್ತದೆ; ‘ಸಿ’ ಅಕ್ಷರದ ಪಕ್ಕದ್ದು ಹೊದಿಕೆಯ ಚಿತ್ರ ಮತ್ತು ಬರಹಗಳ ಹಕ್ಕಿಗೆ ಸಂಬಂಧಿಸಿದ್ದು. ಪ್ರತಿ ಧ್ವನಿಮುದ್ರಣವನ್ನು ಗುರುತಿಸಲು ಕೊಡುವ ಐಎಸ್‌ಆರ್‌ಸಿ ಸಂಕೇತದ 12 ಅಕ್ಷರಗಳಲ್ಲಿ 6 ಮತ್ತು 7ನೆಯವು ವರ್ಷವನ್ನೇ ತೋರಿಸುತ್ತವೆಯಾದರೂ, ಅದು ಸಂಕೇತ ನೀಡಿದ ವರ್ಷವಾದ್ದರಿಂದ ಹಳೆಯ ಹಾಡುಗಳ ವಿಷಯದಲ್ಲಿ ಅದನ್ನು ನಂಬಲಾಗದು.

ದಿನವನ್ನು ತಿಳಿಯಲು ಆ ಕಾಲದ ಸಂಗೀತ ವಾರಪತ್ರಿಕೆಗಳ ಜಾಹೀರಾತುಗಳೇ ಹೆಚ್ಚು ಭರವಸೆಯ ಆಧಾರ. ಜನಪ್ರಿಯತೆಯ ಪಟ್ಟಿಯಲ್ಲಿ ಹಾಡು ಮೊದಲು ಕಾಣಿಸಿದ ದಿನವನ್ನು ಬಿಡುಗಡೆಯ ದಿನವೆಂದು ಎಣಿಸಬಾರದು. 2015ರ ಜುಲೈ 10ರಿಂದ ಹೊಸ ಸಂಗೀತಕ್ಕೆ ಶುಕ್ರವಾರವೇ ಜಾಗತಿಕ ಬಿಡುಗಡೆಯ ದಿನವಾಗಿರುವುದರಿಂದ, ಅನಂತರದ ಹಾಡಿಗೆ ಶುಕ್ರವಾರವಲ್ಲದ ದಿನ ಬಂದಿದ್ದರೆ ಇನ್ನೊಮ್ಮೆ ಪರಿಶೀಲಿಸಬೇಕು. ದಿನ ಸಿಗದಿದ್ದಲ್ಲಿ ಇಸವಿಯನ್ನಷ್ಟೇ ಕೇಳುವುದು ಲೇಸು.