ಶೇಂಗಾ ಚಟ್ನಿಪುಡಿ: ಮನೆಯಿಂದಲೇ ಆನ್‌ಲೈನ್ ಮಾರಾಟ

ಮಗು ಮಲಗಿದ ಎರಡು ತಾಸಿನಲ್ಲಿ ಮುಗಿಯುವ ಕೆಲಸ ಬೇಕೆಂದರೆ ಶೇಂಗಾ ಚಟ್ನಿಪುಡಿ ಒಳ್ಳೆಯ ಆರಂಭ. ಹತ್ತು ಬಗೆ ಬೇಡ, ಇದೊಂದೇ ಸಾಕು.

ಮಾರುವ ಮುನ್ನ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫೋಸ್ಕಾಸ್ ಜಾಲತಾಣದಲ್ಲಿ ನೋಂದಣಿ ಮಾಡಿಸಿ. ಸಿಗುವ 14 ಅಂಕಿಯ ಸಂಖ್ಯೆಯ ಜೊತೆ ಪದಾರ್ಥಗಳು, ತೂಕ, ಬೆಲೆ, ವಿಳಾಸ, ತಯಾರಿಸಿದ ದಿನ, ಬಳಕೆಯ ಅವಧಿ, ಹಸಿರು ಗುರುತು ಲೇಬಲ್ ಮೇಲಿರಬೇಕು. ಶೇಂಗಾ ಅಲರ್ಜಿ ಕೆಲವರ ಜೀವಕ್ಕೇ ಅಪಾಯ. ‘ಶೇಂಗಾ ಇದೆ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ.

1 ಕಿಲೊ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ, ಸಿಪ್ಪೆ ಉಜ್ಜಿ ತೂರಿ. 60 ಗ್ರಾಂ ಬ್ಯಾಡಗಿ ಖಾರದಪುಡಿ, 50 ಗ್ರಾಂ ಬೆಳ್ಳುಳ್ಳಿ, 20 ಗ್ರಾಂ ಜೀರಿಗೆ, 35 ಗ್ರಾಂ ಉಪ್ಪು ಸಾಕು. ಮಿಕ್ಸಿಯನ್ನು ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಪುಡಿ ಕೆಡುವುದು ಹೆಚ್ಚಾಗಿ ಹಸಿ ಬೆಳ್ಳುಳ್ಳಿಯ ತೇವದಿಂದ. ಅದನ್ನು ಗರಿಗರಿಯಾಗುವವರೆಗೆ ಹುರಿಯಲೇಬೇಕು. ಬಿಸಿ ಪುಡಿ ತುಂಬಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಪ್ರತಿ ಸಲವೂ ಒಂದು ಪೊಟ್ಟಣ ನಿಮ್ಮಲ್ಲೇ ಇಟ್ಟು, ವಾರಕ್ಕೊಮ್ಮೆ ಮೂಸಿ ನೋಡಿ. ಬಳಕೆಯ ಅವಧಿಯನ್ನು ಅದರಿಂದಲೇ ನಿರ್ಧರಿಸಿ.

200 ಗ್ರಾಂ ಪೊಟ್ಟಣವೇ ಅನುಕೂಲ. ಎರಡನ್ನು ಹಗುರ ಪೆಟ್ಟಿಗೆಯಲ್ಲಿಟ್ಟರೂ 500 ಗ್ರಾಂ ದಾಟದು, ಕೊರಿಯರ್ ದರ ಮೇಲಿನ ಹಂತಕ್ಕೆ ಏರದು. ಬೆಲೆ ಕಟ್ಟುವಾಗ ಗ್ಯಾಸು, ಚೀಲ, ಲೇಬಲ್ಲಿನ ಜೊತೆ ನಿಮ್ಮ ಕೂಲಿಯನ್ನೂ ಸೇರಿಸಿ; ಅದನ್ನು ಬಿಡುವುದೇ ದೊಡ್ಡ ತಪ್ಪು. ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಿ ಹಗಲು ಬೆಳಕಿನ ಫೋಟೊ ಹಾಕಿ, ಯುಪಿಐ ಹಣ ಬಂದ ಮೇಲೆಯೇ ಕಳಿಸಿ.